ಪೂಜೆಗಿಟ್ಟ ಪಾನಾ

ಕೀಲಿ ತಿರುಗಿಸಿದರೆ ಅಂಬಾಸಡರ್ ಕಾರು ಕೆಮ್ಮಲೂ ಇಲ್ಲ. ಡ್ರೈವರ್ ವಹಾಬ ಹಾರ್ನ್ ಒತ್ತಿದ, ಸದ್ದಿಲ್ಲ. ದೀಪ ಹಾಕಿದ, ಬೆಳಕಿಲ್ಲ. ಇಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ರಟ್ಟೆ ಬೀಳುವಂತೆ ತಿರುಗಿಸಿದ. ಕರೆಂಟೇ ಇಲ್ಲದ ಮೇಲೆ ಕಿಡಿ ಎಲ್ಲಿಂದ ಬರಬೇಕು? ಹಿಂದಿನ ಸೀಟಿನಲ್ಲಿ ಬಾಳವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಬೆಳಗಾವಿಯ ದವಾಖಾನೆಯಲ್ಲಿ ಅವಳ ಮಗಳು ಸತ್ಯವ್ವ ಹೆರಿಗೆಯಾಗಿ, ರಕ್ತ ನಿಲ್ಲದೆ ಮಲಗಿದ್ದಳು. ಅಳಿಯನ ರಕ್ತ ಹೊಂದಿರಲಿಲ್ಲ. ತಾಯಿಯದಾದರೂ ಹೊಂದೀತು, ಕೂಡಲೇ ಬರಲಿ ಎಂದು ಅವನು ಗೋವಾ ಕಡೆ ಹೊರಟ ಲಾರಿಯವನ ಕೈಲಿ ಖಾನಾಪುರಕ್ಕೆ ಹೇಳಿ ಕಳಿಸಿದ್ದ. ಬೆಳಗಿನ ಬಸ್ಸು ಹೋಗಿಬಿಟ್ಟಿತ್ತು, ಮುಂದಿನದು ಮಧ್ಯಾಹ್ನಕ್ಕೆ.

ವಹಾಬ ಬಾನೆಟ್ ಎತ್ತಿದವನೇ ಹಣೆ ಬಡಿದುಕೊಂಡ. ಅಂದು ಎಪ್ಪತ್ತೆಂಟರ ಖಂಡೇನವಮಿ, ಆಯುಧಪೂಜೆಯ ದಿನ. ಗಾಡಿಯ ಮಾಲೀಕ ಸಿದರಾಯ ಬೆಳಿಗ್ಗೆ ಇಲ್ಲೇ ಸ್ಟ್ಯಾಂಡಿನಲ್ಲಿ ಕಾರು ತೊಳೆದು ಮಾಲೆ ಹಾಕಿದ್ದು ಸಾಲದೆ, ಬ್ಯಾಟರಿಯ ವಾಯರ್ ಬಿಚ್ಚಿ, ಎರಡೂ ಸೀಸದ ಗುಬುಟಿಗೆ ಎಣ್ಣೆಯಲ್ಲಿ ಕಲಸಿದ ಭಂಡಾರದ ಅರಿಶಿನ ದಪ್ಪಗೆ ಮೆತ್ತಿ, ಅದರ ಮೇಲೆಯೇ ವಾಯರ್ ಬಿಗಿದು ಪುಣ್ಯ ಕಟ್ಟಿಕೊಂಡಿದ್ದ.

“ಎರಡ ನಟ್ ಬಿಚ್ಚಿ ಒರಸಿದ್ರ ಸಾಕ್ರಿ, ಯವ್ವಾ. ಆದ್ರ ನಟ್ ತಿರುವೂ ಪಾನಾ ಇಲ್ಲ. ಹ್ಯಾಂಡಲ್ ಒಂದ ಬಿಟ್ಟು ಗಾಡಿ ಹತ್ಯಾರ ಎಲ್ಲಾ ಮಾಲಕರು ಮನ್ಯಾಗ ಪೂಜಿಗಿಟ್ಟು, ಕೀಲಿ ಹಾಕ್ಕೊಂಡು ಬೀಗರ ಊರಿಗೆ ಹೋಗ್ಯಾರ.”

ಎದುರಿಗೇ ಉಳವಪ್ಪನ ಗ್ಯಾರೇಜು. ಪಾನಾ, ಸುತ್ತಿಗೆ, ಜ್ಯಾಕು ಎಲ್ಲ ವಿಭೂತಿ ಹಚ್ಚಿಸಿಕೊಂಡು ಹಲಗೆಯ ಮೇಲೆ ಚೆಂಡುಹೂವಿನಡಿ ಮಲಗಿದ್ದವು. ಬಾಳವ್ವ ಓಡಿ ಹೋಗಿ, ಮಗಳ ಸಂಗತಿ ಹೇಳಿ, ಒಂದು ಪಾನಾ ಕೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಮೆಕ್ಯಾನಿಕ್, ಅಷ್ಟೇ ವ್ಯತ್ಯಾಸ.

“ನಾಳೆ ಬನ್ನಿ ಮುಡಿಯೂತನಾ ಹತ್ಯಾರ ಮುಟ್ಟಂಗಿಲ್ರೀ,” ಎಂದ ಉಳವಪ್ಪ. “ಹ್ವಾದ ವರ್ಷ ಇದ ದಿನ ಎತ್ತಿ ನಮ್ಮಣ್ಣ ಕೈಯಾಗಿನ ಬಳ್ಳ ಕಳಕೊಂಡ.”

“ನಿಮ್ಮಣ್ಣಂದು ಬಳ್ಳ ಹೋತು. ನನ್ನ ಮಗಳದು ಜೀವ ಹೊಂಟೈತೋ!”

“ಖರೇ ಐತ್ರಿ. ಆದ್ರ ದೇವರಂದ ಮ್ಯಾಲ ದೇವರು.”

ಬಾಳವ್ವ ವಹಾಬನ ಕಡೆ ತಿರುಗಿದಳು. “ನೀನರ ಎತ್ತಪಾ.”

ವಹಾಬ ಹಿಂದೆ ಸರಿದ. “ನಾ ಎತ್ತಿದ್ರ ಮಾತ ಬ್ಯಾರೇನ ಆಕ್ಕೈತ್ರಿ. ಸಾಬ ಬಂದು ಪೂಜಿ ಕೆಡಿಸಿದ ಅಂತ ಸಂಜೀಕ ಊರ ಎದ್ದು ನಿಂದರತೈತಿ. ಮನ್ಯಾಗ ಹೆಂಡ್ತಿ ಮಕ್ಕಳದಾರ.”

ಬಾಳವ್ವನ ಮೈಯೆಲ್ಲ ಉರಿದುಹೋಯಿತು. ಒಬ್ಬನಿಗೆ ದೇವರ ಭಯ, ಇನ್ನೊಬ್ಬನಿಗೆ ಊರಿನ ಭಯ. ಅಲ್ಲಿ ಮಗಳ ರಕ್ತ ಇವರಿಬ್ಬರ ಭಯ ಮುಗಿಯಲೆಂದು ಕಾಯುತ್ತದೆಯೇ? ಲಿಂಗಪೂಜೆಯಾಗದೆ ಒಂದು ದಿನವೂ ನೀರು ಮುಟ್ಟದ ಆ ಹೆಂಗಸು ಹೂವು ಬಳಿದೆಸೆದು ಕೈಗೆ ಸಿಕ್ಕ ಪಾನಾ ಎತ್ತಿದಳು.

“ಅದಲ್ರೀ, ಬಾಜೂದು,” ಎಂದ ವಹಾಬ ದೂರದಿಂದಲೇ.

ಉಳವಪ್ಪ ಅಡ್ಡ ಬಂದ. “ನೀವು ಎತ್ತೀರಿ, ಆತು. ಅವನ ಕೈಯಾಗ ಮಾತ್ರ ಕೊಡಬ್ಯಾಡ್ರಿ.”

“ಹಂಗಾರ ನೀ ಹಿಡಿ!”

ಅವನ ಎದೆಗೆ ತಾಗುವಂತೆ ಪಾನಾ ಚಾಚಿದಳು. ಉಳವಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಬಾಳವ್ವ ತಾನೇ ಬಾನೆಟ್ಟಿನೊಳಗೆ ಬಗ್ಗಿದಳು. “ಎಡಕ್ಕ ತಿರುವ್ರಿ, ಇನ್ನಷ್ಟ ಜೋರ,” ಎಂದು ವಹಾಬ ಬಾಯಿಂದ ಹೇಳಿಕೊಟ್ಟ. ಪಾನಾ ಜಾರಿ ಬೆರಳ ಗೆಣ್ಣುಗಳು ಸುಲಿದವು. ವಾಯರ್ ಬಿಚ್ಚಿ, ಭಂಡಾರವನ್ನು ಸೆರಗಿನಿಂದ ತಿಕ್ಕಿ ತೆಗೆದು, ಮತ್ತೆ ಬಿಗಿದಳು. ಅಷ್ಟೂ ಹೊತ್ತು ಬೈಯುತ್ತಲೇ ಇದ್ದಳು: ಮೊದಲು ಸಿದರಾಯನನ್ನು, ಆಮೇಲೆ ಇವರಿಬ್ಬರನ್ನು, ಕಡೆಗೆ ದೇವರನ್ನೂ. ವಹಾಬ ಕೀಲಿ ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹತ್ತಿತು.

ಕಾರು ಹೊರಡುವಷ್ಟರಲ್ಲಿ ಉಳವಪ್ಪ ಕಿಟಕಿಗೆ ಓಡಿ ಬಂದ. “ಪಾನಾ ಕೊಟ್ಟ ಹೋಗ್ರಿ! ಪೂಜಿ ಅರ್ಧಾ ಆಗಿ ಕುಂತೈತಿ.”

ಬಾಳವ್ವ ಉಡಿಯಲ್ಲಿದ್ದ ಪಾನಾದ ಮೇಲಿನ ಹಿಡಿತ ಬಿಡಲಿಲ್ಲ. “ಮಗಳು ಉಳದ್ರ ನಾನ ತಂದ ಕೊಡ್ತೀನಿ. ಇಲ್ಲಾಂದ್ರ, ಆಕೀ ಮಣ್ಣಿಗೆ ಬರ್ತೀಯಲ್ಲ, ಆವಾಗ ಇಸ್ಕೊ.”