ಬೊಂಬೆಯ ಹೊಟ್ಟೆ

ಬಾಯಿಗೆ ಹಾಕಿಕೊಂಡ ಮೇಲೇ ಗುಂಡಮ್ಮನಿಗೆ ಗೊತ್ತಾಗಿದ್ದು, ಅದು ಬಿಸ್ಕತ್ತಲ್ಲ, ಕೇಕು! ಹೊಲಿಗೆ ಅಂಗಡಿಯ ಪರದೆ ಹಿಂದೆ ನಿಂತಿದ್ದ ಟೊಳ್ಳು ಬೊಂಬೆಯ ಹೊಟ್ಟೆಯಲ್ಲಿ ಅವಳು ಬಚ್ಚಿಟ್ಟಿದ್ದು ಬಿಸ್ಕತ್ತು. ಮನಸ್ಸು ಮಂಕಾದಾಗಲೆಲ್ಲ ಇಲ್ಲಿಗೆ ಬಂದು ಗಬಗಬ ತಿಂದು, ಬಾಯಿ ಒರೆಸಿಕೊಂಡು, ಆಮೇಲೆ ತನ್ನ ದಪ್ಪ ಮೈಯನ್ನೇ ಶಪಿಸಿಕೊಳ್ಳುತ್ತಿದ್ದಳು. ಹಾಗಾದರೆ ಈ ಕೇಕು ಯಾರದು? ಅಂಗಡಿಯಲ್ಲಿ ಕೆಲಸ ಮಾಡುವವರು ಇಬ್ಬರೇ, ಅವಳು ಮತ್ತು ಯಜಮಾನಿ. ಯಜಮಾನಿಯದೂ ಇವಳಷ್ಟೇ ಭಾರಿ ಮೈ, ಆದರೆ ಎಲ್ಲರೆದುರು ಅವರು ತಿನ್ನುವುದು ಬರೀ ಸೌತೆಕಾಯಿ.

ಪರದೆ ಸರಿಯಿತು. ಯಜಮಾನಿ ಇವಳ ತುಂಬಿದ ಬಾಯಿ ನೋಡಿ ಸ್ಟೂಲಿನ ಮೇಲೆ ಕುಸಿದರು. “ಅದು ನಂದು ಕಣೇ. ಬಿಸ್ಕತ್ತು ನಿಂದಾ? ಬೆಳಿಗ್ಗೆ ನಾನೇ ಖಾಲಿ ಮಾಡ್ದೆ.”

ಇಬ್ಬರಿಗೂ ನಗು ಉಕ್ಕಿತು. ನಗುತ್ತ ನಗುತ್ತಲೇ ಯಜಮಾನಿ ಬಿಕ್ಕತೊಡಗಿದರು. “ಈ ಕದ್ದು ತಿನ್ನೋ ಚಟಕ್ಕೆ ಡಾಕ್ಟರ ಬಾಗಿಲ ತನಕ ಹೋಗಿ ವಾಪಸ್ ಬಂದಿದೀನಿ. ಬಾಯಿ ಕಟ್ಟು ಅಂತ ಬೈದು ಕಳಿಸ್ತಾರೇನೋ ಅಂತ ಹೆದರಿಕೆ. ಒಂದಿನ ಜೊತೆಗೆ ಬರ್ತೀಯಾ?”

“ಒಂದಿನ ಯಾಕಕ್ಕಾ? ಈಗಲೇ ಏಳಿ! ನಾನೂ ತೋರಿಸ್ಕೋಬೇಕು. ಬೈದ್ರೆ ಇಬ್ರಿಗೂ ಬೈಲಿ!”

ಕೈ ಹಿಡಿದು ಎಬ್ಬಿಸಿದವಳೇ ಅವರನ್ನು ಎಳೆದುಕೊಂಡು ಬೀದಿಗಿಳಿದಳು. ತುಟಿಗೆ ಮೆತ್ತಿದ ಕೇಕಿನ ಪುಡಿ ಒರೆಸಿಕೊಳ್ಳುವುದನ್ನೇ ಅವತ್ತು ಗುಂಡಮ್ಮ ಮರೆತಿದ್ದಳು.