ಹಳೇ ಮನೆಯವರ ಮಾತು

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ನಲವತ್ತು. ಮನೆಯೊಡತಿ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು.

"ಬಾಡಿಗೆಗಿದ್ದ ಹಳೇ ಮನೆಯವರನ್ನ ಕೇಳದೆ ನಾನು ಯಾರಿಗೂ ಬೀಗದ ಕೈ ಕೊಡಲ್ಲ. ನಿಮ್ಮೆದುರಿಗೇ ಕೇಳ್ತೀನಿ. ಆಮೇಲೆ ನನ್ನ ಬೈಕೋಬೇಡಿ."

ಎದುರಿಗೆ ಮೂವರು ಗೆಳತಿಯರು: ನರ್ಸ್, ಬ್ಯೂಟಿ ಪಾರ್ಲರಿನವಳು, ರಕ್ತಪರೀಕ್ಷೆಯ ಲ್ಯಾಬಿನವಳು. ಬೇರೆ ಬೇರೆ ಕಡೆ ಬಾಡಿಗೆಗಿದ್ದವರು, ಇನ್ನು ಒಟ್ಟಿಗಿರೋಣ ಎಂದು ಹೊರಟಿದ್ದರು. ಮೂವರ ಸಾಮಾನೂ ಕೆಳಗೆ ಒಂದೇ ಗಾಡಿಯಲ್ಲಿತ್ತು. ಲ್ಯಾಬಿನವಳು ಹಳೇ ಕೋಣೆಯನ್ನು ಬೆಳಿಗ್ಗೆಯೇ ಬಿಟ್ಟುಕೊಟ್ಟು ಬಂದಿದ್ದಳು. ಈ ಮನೆ ತಪ್ಪಿದರೆ ಅವಳಿಗೆ ತಲೆಯಿಡಲು ಜಾಗವಿರಲಿಲ್ಲ.

ಮನೆ ಚೆನ್ನಾಗಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೂಲೆಯಲ್ಲಿ ಆಳೆತ್ತರದ ಕನ್ನಡಿ. ಪಾರ್ಲರಿನವಳು ಅದರ ಮುಂದೆ ಆಗಲೇ ಎರಡು ಸಲ ತಿರುಗಿ ನೋಡಿಕೊಂಡಿದ್ದಳು.

"ಕನ್ನಡಿ ಅಲ್ಲ್ಯಾಕೆ ಆಂಟಿ? ಬೆಳಕೇ ಬೀಳಲ್ವಲ್ಲ," ಎಂದಳು ಲ್ಯಾಬಿನವಳು.

"ಬಂದ ತಕ್ಷಣ ಶುರು ಮಾಡ್ಬೇಡ್ವೇ." ನರ್ಸ್ ಅವಳ ತೊಡೆ ಚಿವುಟಿದಳು.

ಮೇಜಿನ ಮೇಲಿದ್ದ ದುಂಡನೆಯ ಪೆನ್ಸಿಲ್ ತಾನಾಗಿ ಉರುಳಿತು. ಬೀಳುವ ಮೊದಲೇ ಲ್ಯಾಬಿನವಳು ಹಿಡಿದಳು. ಮನೆಯೊಡತಿ ಅದನ್ನು ಕಸಿದುಕೊಂಡು ತನ್ನ ತುರುಬಿಗೆ ಸಿಕ್ಕಿಸಿದಳು.

ನರ್ಸ್ ಇದ್ದ ಮನೆಯ ಅಜ್ಜಿ ಹೊಗಳಿದರು: "ಬಂಗಾರದಂಥ ಹುಡುಗಿ. ಸೂರು ಸೋರಿದ್ರೂ ಕೆಳಗೊಂದು ಬಕೆಟ್ ಇಟ್ಕೊಂಡು ಸುಮ್ಮನಿರ್ತಾಳೆ." ಪಾರ್ಲರಿನವಳ ಬಗ್ಗೆ ಇನ್ನೊಬ್ಬರು: "ಇದಾಳೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಇದು ಯಾಕೆ ಹೀಗೆ ಅಂತ ಒಂದಿನಾನೂ ಕೇಳಿದವಳಲ್ಲ."

ಮೂರನೆಯ ಕರೆಗೆ ಗಂಡಸಿನ ದನಿ ಸಿಡಿಯಿತು.

"ಅವಳಾ? ತೊಲಗಿದಳಲ್ಲ, ಸಾಕು. ಟ್ಯಾಂಕ್ ಇಣುಕ್ತಾಳೆ, ಸ್ವಿಚ್ ಬಿಚ್ತಾಳೆ. ಗೋಡೆಗೆಲ್ಲ ಕಾಗದ ಅಂಟಿಸಿ ಪೆನ್ಸಿಲ್ ಗೀಟು. ಮನೆ ಅವರಪ್ಪಂದು ಅನ್ಕೊಂಡಿದ್ಲು. ನನ್ನ ತಲೆ ತಿಂದುಹಾಕಿದ್ಲು."

ಮನೆಯೊಡತಿ ಫೋನನ್ನು ನಿಧಾನವಾಗಿ ಬೋರಲು ಹಾಕಿದಳು. "ಗೋಡೆ ಮೇಲೆ ಗೀಟು ಯಾಕಮ್ಮ?"

"ಆಂಟಿ, ಅದು..."

"ಬಾಯ್ಮುಚ್ಚು," ಎಂದಳು ಪಾರ್ಲರಿನವಳು. "ನಿನ್ನಿಂದ ನಾವೂ ಬೀದಿಗೆ ಬೀಳ್ಬೇಕಾ?"

ನರ್ಸ್ ಮನೆಯೊಡತಿಯತ್ತ ಬಾಗಿದಳು. "ಆಂಟಿ, ನಾವಿಬ್ರೇ ಇರ್ತೀವಿ."

"ನೀನೂ ಹಾಗಂತೀಯೇನೇ?" ಎಂದಳು ಲ್ಯಾಬಿನವಳು.

"ಮತ್ತಿನ್ನೇನು? ಕೂತಲ್ಲಿ ನಿಂತಲ್ಲಿ ಹುಳುಕು ಹುಡುಕೋಳ ಜೊತೆ ಯಾರೇ ಏಗೋದು?"

"ನನಗೂ ತಲೆನೋವು ಬೇಡ," ಎಂದಳು ಮನೆಯೊಡತಿ. "ಇಬ್ಬರಿಗೆ ಕೊಡ್ತೀನಿ. ಕನ್ನಡಿ ಮಾತ್ರ ಸರಿಸ್ಬೇಡಿ. ನಮ್ಮತ್ತೆ ಕಾಲದ್ದು."

ಲ್ಯಾಬಿನವಳು ಎದ್ದಳು. ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡಿತ್ತು, ಎತ್ತಿ ಎಳೆಯಬೇಕಾಯಿತು. ಅವಳು ಒಂದು ಕ್ಷಣ ಅದರ ಮೇಲಂಚನ್ನೇ ನೋಡುತ್ತ ನಿಂತಳು.

"ನಡಿಯೇ. ಅದನ್ನೂ ಅಳೀತಾ ಕೂರ್ಬೇಡ," ಎಂದು ನರ್ಸ್ ನಕ್ಕಳು.

ಇಬ್ಬರೂ ಅವಳ ಹಿಂದೆಯೇ ಇಳಿದು, ಗಾಡಿಯಿಂದ ಅವಳ ಪೆಟ್ಟಿಗೆಯನ್ನು ರಸ್ತೆಗೆ ಎತ್ತಿಹಾಕಿದರು. ಅವಳು ಅದನ್ನು ಎಳೆದುಕೊಂಡು ತಿರುವು ದಾಟುವವರೆಗೂ ಮನೆಯೊಡತಿ ಕಿಟಕಿಯಲ್ಲಿ ನಿಂತಿದ್ದಳು. ಆಮೇಲೆ ಒಳಗಿನಿಂದ ಚಿಲಕ ಹಾಕಿ, ಕನ್ನಡಿಯನ್ನು ಓರೆಯಾಗಿ ಸರಿಸಿದಳು. ಎದೆಮಟ್ಟದಿಂದ ನೆಲದವರೆಗೆ ಬಿರುಕು ಬಿಟ್ಟಿದ್ದ ಗೋಡೆಯ ಮೇಲೆ ತಾನೇ ಹಾಕಿದ್ದ ಗೀಟುಗಳ ಪಕ್ಕ ಸ್ಕೇಲ್ ಹಿಡಿದು, ತುರುಬಿನ ಪೆನ್ಸಿಲ್ ತೆಗೆದು ಇನ್ನೊಂದು ಗೀಟು ಎಳೆದಳು.

ಹೋದ ಭಾನುವಾರ ಬಿರುಕು ಹನ್ನೊಂದು ಮಿಲಿಮೀಟರ್ ಇತ್ತು, ಇವತ್ತು ಹದಿನಾಲ್ಕು.