ಅಕ್ಕ ಹಾಡಿದ ಟ್ರ್ಯಾಕ್

ಹಾಡು ಎರಡನೇ ಸಾಲಿಗೆ ಬಂದಿತ್ತಷ್ಟೇ, ರೇಡಿಯೋ ಸ್ಟುಡಿಯೋದಲ್ಲಿ ಅತಿಥಿಯಾಗಿ ಕೂತಿದ್ದ ಡಿಜೆಯ ಎದೆ ಧಸಕ್ಕೆಂದಿತು. ರೇಡಿಯೋದಲ್ಲಿ ಊರಿಗೆಲ್ಲ ಕೇಳುತ್ತಿದ್ದದ್ದು ಅವನ ಅಕ್ಕನ ದನಿ. ಈಗಷ್ಟೇ ನಿರೂಪಕಿ, "ಡಿಜೆ ಸಿಡಿಲು ಅವರ ಹೊಸ ಆಲ್ಬಂನ ಮೊದಲ ಹಾಡು, ಹಾಡಿರೋದು ನಮ್ಮೆಲ್ಲರ ಮಧುಕಂಠಿ!" ಎಂದು ಉಸಿರು ಕಟ್ಟಿ ಸಾರಿದ್ದಳು. ಮಧುಕಂಠಿ ಎಂದರೆ ಮನೆಮಾತಾದ ಗಾಯಕಿ, ಸಾಮಾನ್ಯದವಳಲ್ಲ. ಗಾಜಿನ ಆಚೆ, ತಂತ್ರಜ್ಞನ ಪಕ್ಕದ ಕುರ್ಚಿಯಲ್ಲಿ, ಸ್ವತಃ ಅಕ್ಕ ಕೂತಿದ್ದಳು.

ಆದದ್ದಿಷ್ಟೇ. ಈ ಕಸುಬಿನಲ್ಲಿ ದೊಡ್ಡ ಗಾಯಕಿ ಬರುವ ಮುಂಚೆ ಕೈಗೆ ಸಿಕ್ಕ ಯಾರಿಂದಲಾದರೂ ಹಾಡನ್ನು ಒಮ್ಮೆ ಹಾಡಿಸಿಟ್ಟುಕೊಳ್ಳುತ್ತಾರೆ. ಅದಕ್ಕೆ ಟ್ರ್ಯಾಕ್ ಎನ್ನುತ್ತಾರೆ. ಗಾಯಕಿ ಬಂದು, ಅದನ್ನು ಕೇಳಿ, ಥೇಟ್ ಹಾಗೆಯೇ ಹಾಡಿ ಹೋಗುತ್ತಾಳೆ. ಮೊದಲಿನ ದನಿಯನ್ನು ಅಳಿಸಿಬಿಡುತ್ತಾರೆ. ಅಕ್ಕನ ದನಿಯನ್ನು ಅಳಿಸಲು ಇವನಿಗೆ ಮನಸ್ಸು ಬಂದಿರಲಿಲ್ಲ. ಹಾಗಾಗಿ ಅವನ ಕಂಪ್ಯೂಟರಿನಲ್ಲಿ 'ಇದೇ ಫೈನಲ್' ಎಂಬುದೂ ಇತ್ತು, 'ನಿಜವಾಗ್ಲೂ ಇದೇ ಫೈನಲ್' ಎಂಬುದೂ ಇತ್ತು. ರೇಡಿಯೋದವರಿಗೆ ಕಳಿಸುವ ಗಡಿಬಿಡಿಯಲ್ಲಿ ಮಹಾನುಭಾವ ಮೊದಲನೆಯದನ್ನು, ಅಂದರೆ ಅಕ್ಕನದನ್ನು, ಕಳಿಸಿದ್ದ.

ಅದಾದರೂ ಕೈತಪ್ಪು. ಅಸಲು ತಪ್ಪು ಬೇರೆಯೇ ಇತ್ತು. ಆಲ್ಬಂನಿಂದ ಅವಳ ದನಿ ತೆಗೆದು ಬೇರೆಯವರದು ಹಾಕಿದ್ದೇನೆಂದು ಅಕ್ಕನಿಗೆ ಅವನು ಹೇಳಿಯೇ ಇರಲಿಲ್ಲ. ಹೇಳೋಣ, ಹೇಳೋಣ ಎಂದು ಇವತ್ತಿನ ತನಕ ದೂಡಿದ್ದ. ಬೆಳಿಗ್ಗೆ ಕಾರಿನಲ್ಲಿ ಹೇಗೋ ಬಾಯಿ ತೆರೆದವನು, ಸೆಕೆ ಜಾಸ್ತಿ ಎಂದು ಹೇಳಿ ಮುಚ್ಚಿಕೊಂಡಿದ್ದ. ಅಕ್ಕನೋ, ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ನೀರಿಗೆ ಹೆದರಿ ಅರಚುವ ಮಕ್ಕಳಿಗಿಂತ ಜೋರಾಗಿ ಕೂಗಿ ಕೂಗಿ ಪಳಗಿದ ಗಂಟಲು. ರಜೆ ಹಾಕಿ, ಹೊಸ ಬಟ್ಟೆ ಉಟ್ಟು ಬಂದಿದ್ದಳು. ಕೊಳದ ಧ್ವನಿವರ್ಧಕಕ್ಕೆ ರೇಡಿಯೋ ಹಾಕಿಸಿ, "ಇವತ್ತು ನನ್ನ ಹಾಡು ಬರತ್ತೆ, ಯಾರೂ ಏಳ್ಬೇಡಿ" ಎಂದು ಮಕ್ಕಳ ತಾಯಂದಿರನ್ನೆಲ್ಲ ಕೂರಿಸಿ ಬಂದಿದ್ದಳು.

ಹಾಡು ಓಡುವಾಗ ಒಳಗಿನ ಮಾತು ಕೇಳುಗರಿಗೆ ಹೋಗುವುದಿಲ್ಲ. ತಂತ್ರಜ್ಞನ ಮುಂದೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಮಾತಾಡಿದರೆ ಅತಿಥಿಯ ಹೆಡ್‌ಫೋನಿಗೆ ಮಾತ್ರ ಕೇಳುತ್ತದೆ. ಅಕ್ಕ ತಂತ್ರಜ್ಞನ ತೋಳಿನ ಮೇಲಿಂದ ಬಾಗಿ ಅದನ್ನೇ ಒತ್ತಿದಳು.

"ಪುಟ್ಟಾ, ಇದು ನನ್ ದನಿ ಅಲ್ವೇನೋ? ಅವ್ರ್ಯಾಕೆ ಮಧುಕಂಠಿ ಅಂದ್ರು?"

"ಅದೊಂದು ದೊಡ್ಡ ಕಥೆ ಅಕ್ಕಾ. ಆಮೇಲೆ ಹೇಳ್ತೀನಿ."

"ಚಿಕ್ಕದಾಗಿ ಈಗ್ಲೇ ಹೇಳು."

"ಕಂಪನಿಯವ್ರು ಹೆಸರಿರೋರೇ ಬೇಕು ಅಂದ್ರು. ಅದಕ್ಕೆ ಅವ್ರ ಹತ್ರ ಮತ್ತೆ ಹಾಡಿಸ್ದೆ. ಇಲ್ಲಿಗೆ ನಿಂದು ತಪ್ಪಿ ಬಂದ್ಬಿಟ್ಟಿದೆ."

ಅಕ್ಕ ಗುಂಡಿಯಿಂದ ಬೆರಳು ತೆಗೆದಳು. ಹೆಸರು ಹೋದದ್ದಕ್ಕಿಂತ 'ತಪ್ಪಿ ಬಂದ್ಬಿಟ್ಟಿದೆ' ಎಂದದ್ದಕ್ಕೇ ಅವಳಿಗೆ ಹೆಚ್ಚು ನೋವಾಯಿತು, ಮುಖ ಸಪ್ಪಗಾಯಿತು. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಡಿಜೆಗೆ ಅನ್ನಿಸಿತು. ಸ್ಟುಡಿಯೋ ಇದ್ದದ್ದು ಮೂರನೇ ಮಹಡಿಯಲ್ಲಿ, ಆ ಸೌಕರ್ಯವೂ ಇರಲಿಲ್ಲ. ನಿರೂಪಕಿಗೆ ಇದರ ಪರಿವೆಯೇ ಇಲ್ಲ. ಹೆಡ್‌ಫೋನಿನ ಢಮಢಮಕ್ಕೆ ಕಣ್ಣು ಮುಚ್ಚಿ ತಲೆ ಕುಣಿಸುತ್ತಿದ್ದಳು.

ಹಾಡು ಮುಗಿಯಿತು. ಮೈಕಿನ ಕೆಂಪು ದೀಪ ಹತ್ತಿತು, ಇನ್ನು ಆಡಿದ್ದೆಲ್ಲ ಊರಿಗೇ ಕೇಳುತ್ತದೆ.

"ಅಬ್ಬಬ್ಬಾ, ಏನ್ ಗಂಟಲು ರೀ! ಮೈ ಜುಮ್ ಅಂತು!" ಎಂದಳು ನಿರೂಪಕಿ. "ಕೇಳುಗರೇ, ಇನ್ನೊಂದು ಖುಷಿ ವಿಷಯ. ಮಧುಕಂಠಿಯವರು ಫೋನಲ್ಲೇ ಇದ್ದಾರೆ, ನಿಮ್ಮ ಜೊತೆಗೇ ಹಾಡು ಕೇಳಿದ್ದಾರೆ!"

ಮುಗಿಯಿತು ಕಥೆ ಎಂದುಕೊಂಡ ಡಿಜೆ. ಗಾಯಕಿಗೆ ತನ್ನ ದನಿ ಯಾವುದೆಂದು ಗೊತ್ತಾಗದೇ ಇರುತ್ತದೆಯೇ? ಇನ್ನೇನು ಆಯಮ್ಮ ಊರಿಗೆಲ್ಲ ಕೇಳುವಂತೆ ಮಾನ ಕಳೆಯುತ್ತಾಳೆ.

"ಏನ್ ಹೇಳ್ಲಿ, ನನಗೇ ಕಣ್ಣು ತುಂಬಿ ಬಂತು," ಎಂದಿತು ಫೋನು. "ಕೊನೇಲಿ ದನಿ ಮೇಲಕ್ಕೆ ಹೋಗತ್ತಲ್ಲ, ಅದಕ್ಕೆ ಎಷ್ಟು ಒದ್ದಾಡಿದ್ದೀನಿ ಗೊತ್ತಾ? ಅದೆಲ್ಲ ಬೇರೆಯವರ ಕೈಲಿ ಆಗೋದಲ್ಲ ಬಿಡಿ."

"ಖಂಡಿತ ಮೇಡಂ, ಖಂಡಿತ!"

ಗಾಜಿನ ಆಚೆ ಅಕ್ಕ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು, ತಂತ್ರಜ್ಞನ ಬೆನ್ನಿಗೆ ಗುದ್ದಿ ಗುದ್ದಿ ನಕ್ಕಳು. ನಕ್ಕು ಮುಗಿದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಡಿಜೆಗೆ ಹೋದ ಜೀವ ಬಂದಂತಾಯಿತು. ಯಾರಿಗೂ ಏನೂ ತಿಳಿದಿಲ್ಲ. ಆಲ್ಬಂ ಸುರಕ್ಷಿತ, ಕಂಪನಿಯೂ ಸುಮ್ಮನಿರುತ್ತದೆ. ಅವನು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅದು ಅವನಿಗೆ ಅಭ್ಯಾಸವಾಗಿಯೂ ಹೋಗಿತ್ತು.

ಅಷ್ಟರಲ್ಲಿ ಅಕ್ಕ ಮತ್ತೆ ಗುಂಡಿ ಒತ್ತಿದಳು.

"ಕೇಳಿದೋರಿಗೆ ಗೊತ್ತಾಗ್ಲಿಲ್ಲ. ಆಯಮ್ಮನಿಗೂ ಗೊತ್ತಾಗ್ಲಿಲ್ಲ. ಹೋಗ್ಲಿ ಬಿಡು. ನಿನಗಾದ್ರೂ ಗೊತ್ತಲ್ವೇನೋ ಪುಟ್ಟಾ, ಹಾಡಿದ್ದು ಯಾರೂಂತ?"

ಕೆಂಪು ದೀಪ ಉರಿಯುತ್ತಿತ್ತು. ಉರಿಯುತ್ತಿರುವುದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ.

"ಗೊತ್ತು ಅಕ್ಕಾ," ಎಂದ.

"ಅಕ್ಕನಾ? ಯಾವ ಅಕ್ಕ ಸರ್?" ನಿರೂಪಕಿ ಕಕ್ಕಾಬಿಕ್ಕಿಯಾದಳು.

ಫೋನು ಕಿಲಕಿಲ ನಕ್ಕಿತು. "ಅಯ್ಯೋ, ನನ್ನನ್ನೇ ಕಣ್ರೀ ಕರೀತಿರೋದು. ಎಷ್ಟು ಪ್ರೀತಿ ನೋಡಿ, ಪಾಪ!"

"ಅಲ್ಲ ಮೇಡಂ," ಎಂದ ಡಿಜೆ. "ಅದೂ ನೀವಲ್ಲ."